ಅರವತ್ತೊಂದು ಬಚ್ಚಲುಮನೆ

ಧರ್ಮರಾಜುವಿಗೆ ಮನೆಗಳು ನೆನಪಿರುತ್ತಿರಲಿಲ್ಲ, ಬಚ್ಚಲುಮನೆಗಳು ನೆನಪಿರುತ್ತಿದ್ದವು. ಮಲ್ಲೇಶ್ವರದ ಹದಿನೆಂಟನೇ ಕ್ರಾಸಿನಲ್ಲಿ ಮೂಲೆ ಮನೆ ಯಾರದ್ದು ಎಂದು ಕೇಳಿದರೆ ಬೆಪ್ಪನಂತೆ ನಿಲ್ಲುತ್ತಿದ್ದ. ಎರಡು ಮೆಟ್ಟಿಲು ಇಳಿಯಬೇಕು, ಕೆಂಪು ಗಾರೆ ನೆಲ, ಕಿಟಕಿ ಕೈಗೆ ಎಟುಕುವುದಿಲ್ಲ, ಚಿಲಕ ಸಡಿಲ ಎಂದರೆ ಮಾತ್ರ "ಓ, ಅದಾ!" ಎಂದು ಕಣ್ಣರಳಿಸಿ, ಆ ಮನೆಯ ನೀರಿನ ಪೈಪು ಎಲ್ಲಿ ತಿರುಗಿ ಎಲ್ಲಿ ಸೋರುತ್ತದೆ ಎಂಬುದನ್ನೂ ಹೇಳುತ್ತಿದ್ದ.

ಹುಟ್ಟಿದ್ದು ಲಾಲ್‌ಬಾಗಿನ ಪಕ್ಕದ ಮಾವಳ್ಳಿಯಲ್ಲಿ. ಮನೆಯವರದು ಸೊಪ್ಪು, ತರಕಾರಿಯ ವ್ಯಾಪಾರ. ಅವನಿಗೆ ಬುಟ್ಟಿ ಹೊರುವುದು ಒಗ್ಗಲಿಲ್ಲ. ತಗಡು ಕತ್ತರಿಸುವ ಸದ್ದು ಹಿಡಿಸಿತು. ಚಾಮರಾಜಪೇಟೆಯಲ್ಲಿ ವೆಂಕಟಪ್ಪ ಎಂಬುವವರ ತಗಡಿನ ಅಂಗಡಿ ಇತ್ತು. ಹಳೆಯ ಬಡಾವಣೆಗಳ ಸ್ನಾನದ ಮನೆಗಳಲ್ಲಿ ತೆಂಗಿನ ಚಿಪ್ಪು, ಮರದ ಹೊಟ್ಟು ಹಾಕಿ ನೀರು ಕಾಯಿಸುವ ತಾಮ್ರದ ಬಾಯ್ಲರುಗಳಿದ್ದ ಕಾಲ ಅದು. ಆ ಬಾಯ್ಲರುಗಳ ಹೊಗೆಯನ್ನು ಹೆಂಚು ದಾಟಿಸಿ ಆಚೆ ಬಿಡುವ ಕೊಳವೆಗಳನ್ನು ಮಾಡುವುದರಲ್ಲಿ ವೆಂಕಟಪ್ಪನವರದು ಎತ್ತಿದ ಕೈ. ಧರ್ಮರಾಜು ಅವರ ಹತ್ತಿರ ಇಪ್ಪತ್ತು ವರ್ಷ ಕೆಲಸ ಮಾಡಿದ. ಹೊಗೆಯನ್ನು ಮೊದಲು ನೆಟ್ಟಗೆ ಮೇಲಕ್ಕೆ ಹತ್ತಿಸಬೇಕು, ಆಮೇಲಷ್ಟೇ ಅಡ್ಡ ತಿರುಗಿಸಬೇಕು, ಮೊದಲೇ ತಿರುಗಿಸಿದರೆ ವಾಪಸ್ಸು ಬರುತ್ತದೆ ಎಂಬುದನ್ನು ಕಲಿತದ್ದು ಅಲ್ಲಿಯೇ.

ತೊಂಬತ್ತರ ದಶಕದ ನಡುವಿಗೆ ಬಾಯ್ಲರುಗಳೆಲ್ಲ ಗುಜರಿ ಸೇರಿದವು. ವೆಂಕಟಪ್ಪ ತೀರಿಕೊಂಡರು. ಧರ್ಮರಾಜು ನೀರಿನ ಟ್ಯಾಂಕಿಗೆ ಮುಚ್ಚಳ, ಅಕ್ಕಿಗೆ ಡಬ್ಬ ಎಂದು ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದ. ತೊಂಬತ್ತೆಂಟರಲ್ಲಿ ಅದೇ ಪೇಟೆಯ ವೃಷಭೇಂದ್ರಪ್ಪನವರು ಅವನನ್ನು ಕರೆಸಿದರು. ಅವರದು ಮನೆಬಳಕೆಯ ಸಾಮಾನಿನ ಅಂಗಡಿ. ಹೊಸದಾಗಿ ಗ್ಯಾಸ್ ಗೀಸರ್ ತರಿಸಿದ್ದರು. ದಿನಕ್ಕೆ ಮೂರು ಸಲ ಕರೆಂಟು ಹೋಗುವ ಊರಿನಲ್ಲಿ, ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರುವ ಪೆಟ್ಟಿಗೆ ಎಂದರೆ ಯಾರಿಗೆ ಬೇಡ? ಅದನ್ನು ಮನೆಮನೆಗೆ ಹೋಗಿ ಗೋಡೆಗೆ ಕೂರಿಸುವ ಕೆಲಸ ಧರ್ಮರಾಜುವಿನದಾಯಿತು.

ಮೊದಲ ದಿನವೇ ಅವನು ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ್ದ. "ಸಾರ್, ಇದ್ರ ಹೊಗೆ ಕೊಳವೆ ಎಲ್ಲಿ?"

ವೃಷಭೇಂದ್ರಪ್ಪ ನಕ್ಕರು. "ಹೊಗೆ ಎಲ್ಲಿದೆ ತೋರ್ಸು, ಆಮೇಲೆ ಕೊಳವೆ ಕೇಳು."

ಧರ್ಮರಾಜು ಅದನ್ನು ಉರಿಸಿ ಮೇಲೆ ಬಿಳಿ ಕಾಗದ ಹಿಡಿದ. ನೀಲಿ ಜ್ವಾಲೆ. ಕಾಗದಕ್ಕೆ ಮಸಿ ಹತ್ತಲಿಲ್ಲ, ಮೂಗಿಗೆ ವಾಸನೆ ಬರಲಿಲ್ಲ. ಕಣ್ಣಿಗೆ ಕಾಣುವ ಹೊಗೆಯೊಂದಿಗೇ ಬದುಕಿದವನು ಅವನು. ಕಾಣದ್ದನ್ನು ಹೊರಗೆ ಕಳಿಸುವುದಾದರೂ ಏಕೆ ಎಂದುಕೊಂಡು ಸುಮ್ಮನಾದ. ಮೂರು ವರ್ಷ ಗಾಂಧಿ ಬಜಾರಿನಿಂದ ಮಲ್ಲೇಶ್ವರದವರೆಗೆ, ಕಿಟಕಿ ಇದ್ದ ಬಚ್ಚಲಿಗೂ ಇಲ್ಲದ ಬಚ್ಚಲಿಗೂ ಒಂದೇ ರೀತಿಯಲ್ಲಿ ಗೀಸರ್ ಹಾಕಿಬಂದ.

ಎರಡು ಸಾವಿರದ ಒಂದನೇ ಇಸವಿಯ ಅಕ್ಟೋಬರ್ ಕೊನೆ. ಜಡಿಮಳೆ ಹಿಡಿದಿತ್ತು. ಮಲ್ಲೇಶ್ವರದ ಆ ಮೂಲೆ ಮನೆಯ ಜಾನಕಮ್ಮನವರು ಟ್ಯಾಂಕಿನ ಮುಚ್ಚಳ ಹಾರಿಹೋಗಿದೆ ಎಂದು ಹೇಳಿ ಕಳಿಸಿದ್ದರು. ಬೆಳಗಿನ ಎಂಟೂವರೆಗೆ ಧರ್ಮರಾಜು ಅವರ ಹಿತ್ತಲಿನಲ್ಲಿ ಕುಳಿತು ತಗಡಿನ ಅಂಚು ಮಡಿಸುತ್ತಿದ್ದ. ಬಚ್ಚಲಿನಲ್ಲಿ ನೀರು ಬೀಳುವ ಸದ್ದು. ಅವರ ಮೊಮ್ಮಗಳು ಮೈತ್ರೇಯಿ ಕಾಲೇಜಿಗೆ ಹೊರಡಲು ಸ್ನಾನಕ್ಕೆ ಹೋಗಿದ್ದಳು.

ಸ್ವಲ್ಪ ಹೊತ್ತಾದ ಮೇಲೆ ಅವನ ಕೈ ತಾನಾಗಿ ನಿಂತಿತು. ಸ್ನಾನ ಮಾಡುವವರ ನೀರಿಗೆ ಒಂದು ಲಯವಿರುತ್ತದೆ. ಚೊಂಬು ಬಕೆಟ್ಟಿಗೆ ತಾಗುತ್ತದೆ, ನೀರು ಮೈಮೇಲೆ ಬಿದ್ದು ಒಡೆಯುತ್ತದೆ, ನಡುನಡುವೆ ಬಿಡುವು. ಇಲ್ಲಿ ಯಾವುದೂ ಇರಲಿಲ್ಲ. ತುಂಬಿದ ಬಕೆಟ್ಟಿನಿಂದ ನೀರು ಒಂದೇ ಸಮನೆ ನೆಲಕ್ಕೆ ಸುರಿಯುತ್ತಿತ್ತು.

"ಅಮ್ಮಾ, ಪಾಪು ಎಷ್ಟೊತ್ತಾಯ್ತು ಒಳಗೆ ಹೋಗಿ?"

ಜಾನಕಮ್ಮ ಅಡುಗೆಮನೆಯಿಂದಲೇ ಕೂಗಿದರು. "ಮೈತ್ರೇಯಿ, ಸಾಕು ಬಾರೇ! ಬಸ್ ತಪ್ಪೋಗತ್ತೆ." ಉತ್ತರವಿಲ್ಲ. ಬಂದು ಬಾಗಿಲು ಬಡಿದರು. "ಮೈತ್ರೇಯಿ!" ದನಿ ಏರಿತು.

"ಅಮ್ಮಾ, ಪಕ್ಕಕ್ಕೆ ಬನ್ನಿ."

ಚಿಲಕ ಸಡಿಲವಿದ್ದದ್ದು ಅವನಿಗೆ ಗೊತ್ತಿತ್ತು. ಸುತ್ತಿಗೆಯ ಹಿಡಿಯನ್ನು ಸಂದಿಗೆ ತೂರಿಸಿ ಭುಜ ಕೊಟ್ಟ. ಎರಡನೇ ಪೆಟ್ಟಿಗೆ ಬಾಗಿಲು ತೆರೆಯಿತು. ಅವನು ಮುಖ ತಿರುಗಿಸಿ ನಿಂತ. ಜಾನಕಮ್ಮ ಹಗ್ಗದ ಮೇಲಿದ್ದ ಸೀರೆಯನ್ನು ಎಳೆದುಕೊಂಡು ಒಳಗೆ ನುಗ್ಗಿದರು. "ಅಯ್ಯೋ ದೇವರೇ, ಬಿದ್ದಿದಾಳೆ! ಎತ್ತಕ್ಕಾಗ್ತಿಲ್ಲ, ಬಾರಯ್ಯಾ!"

ಸೀರೆಯಲ್ಲಿ ಸುತ್ತಿದ ಹುಡುಗಿಯ ಕಂಕುಳಿಗೆ ಕೈಹಾಕಿ ಎಳೆಯುವಾಗ ಅವನು ತಲೆ ಎತ್ತಿ ಗೀಸರ್ ನೋಡಿದ. ಗಾಜಿನ ಕಿಂಡಿಯೊಳಗೆ ಜ್ವಾಲೆ ನೀಲಿಯಾಗಿರಲಿಲ್ಲ. ಹಳದಿ ನಾಲಗೆಗಳು ಉದ್ದುದ್ದ ಚಾಚಿ ತೂಗಾಡುತ್ತಿದ್ದವು. ಹೊಗೆ ಇಲ್ಲ, ವಾಸನೆ ಇಲ್ಲ. ಆದರೂ ಅಷ್ಟು ಹೊತ್ತಿಗೇ ಅವನ ತಲೆಯಲ್ಲಿ ಯಾರೋ ದಾರ ಬಿಗಿದಂತಾಗಿತ್ತು. ಗ್ಯಾಸ್ ಆರಿಸಿ, ಹುಡುಗಿಯನ್ನು ಜಗುಲಿಗೆ ತಂದು ಮಲಗಿಸಿದರು. ಕೆನ್ನೆ ತಟ್ಟಿದರೆ ರೆಪ್ಪೆ ಅಲುಗಿತು. ಉಸಿರಿತ್ತು. ಧರ್ಮರಾಜು ಮಳೆಯಲ್ಲೇ ಬೀದಿಗೆ ಓಡಿ ಆಟೋಗೆ ಅಡ್ಡ ನಿಂತ.

ನರ್ಸಿಂಗ್ ಹೋಮಿನಲ್ಲಿ ಆಕ್ಸಿಜನ್ ಕೊಟ್ಟರು. ಒಂದು ಗಂಟೆಯ ಮೇಲೆ ಮೈತ್ರೇಯಿ ಕಣ್ಣುಬಿಟ್ಟು, ತಲೆ ಸಿಡಿಯುತ್ತಿದೆ ಎಂದಳು. ಡಾಕ್ಟರು ಹೊರಗೆ ಬಂದು ಕೇಳಿದ ಮೊದಲ ಪ್ರಶ್ನೆ: "ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ಯಾ?"

"ಇದೆ," ಎಂದರು ಜಾನಕಮ್ಮ.

"ಅದ್ರ ಗಾಳಿ ಆಚೆ ಹೋಗೋಕೆ ಪೈಪ್ ಇದ್ಯಾ?"

ಜಾನಕಮ್ಮನವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಡಾಕ್ಟರು ಬಿಡಿಸಿ ಹೇಳಿದರು. ಮುಚ್ಚಿದ ಕೋಣೆಯಲ್ಲಿ ಉರಿ ಉರಿದು ಒಳ್ಳೆಯ ಗಾಳಿ ಕಡಿಮೆಯಾಗುತ್ತದೆ. ಆಗ ಅದೇ ಉರಿಯಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷ ಏಳುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. "ಇನ್ನು ಐದು ನಿಮಿಷ ಆಗಿದ್ರೆ ನೀವು ಇಲ್ಲಿಗೆ ತರೋದೇ ಬೇಕಿರ್ಲಿಲ್ಲ. ಯಾರ್ರೀ ಹಾಕಿದ್ದು ಅದನ್ನ?"

ಜಾನಕಮ್ಮನವರ ಕಣ್ಣು ಬಾಗಿಲ ಬಳಿ ಒದ್ದೆಯಾಗಿ ನಿಂತವನ ಮೇಲೆ ಹೋಯಿತು.

"ನಾನೇ ಸಾರ್," ಎಂದ ಧರ್ಮರಾಜು.

ಅಲ್ಲಿಂದ ಅವನು ನೇರ ಅಂಗಡಿಗೆ ಹೋದ. ವೃಷಭೇಂದ್ರಪ್ಪ ಎಲ್ಲವನ್ನೂ ಕೇಳಿ, "ಹೊಟ್ಟೆಗಿಲ್ದೆ ಸ್ನಾನಕ್ಕೆ ಹೋಗಿರ್ತಾಳೆ, ತಲೆ ಸುತ್ತಿ ಬಿದ್ದಿರ್ತಾಳೆ. ಡಾಕ್ಟರು ನೂರು ಹೇಳ್ತಾರೆ," ಎಂದರು.

"ಜ್ವಾಲೆ ಹಳದಿ ಆಗಿತ್ತು ಸಾರ್. ನಾನೇ ನೋಡ್ದೆ. ಬಿಲ್ ಬುಕ್ ಕೊಡಿ, ಎಲ್ಲಾ ಮನೆಗೂ ಹೋಗಿ ಹೇಳಿ ಬರ್ತೀನಿ, ಕೊಳವೆ ಹಾಕ್ತೀನಿ."

"ಮನೆಮನೆಗೆ ಹೋಗಿ ನನ್ನ ಅಂಗಡಿಯಿಂದ ವಿಷ ಮಾರಿದೀನಿ ಅಂತ ಡಂಗುರ ಹೊಡೀತೀಯಾ?" ವೃಷಭೇಂದ್ರಪ್ಪ ಪುಸ್ತಕವನ್ನು ಡ್ರಾಯರಿಗೆ ಸೇರಿಸಿ ಬೀಗ ಹಾಕಿದರು. ಅವರ ಮುಖದಲ್ಲೂ ಹೆದರಿಕೆ ಇತ್ತು. ಆದರೆ ಅದು ಬೇರೆಯೇ ಹೆದರಿಕೆ. "ಮನೆಗೆ ಹೋಗು ಧರ್ಮರಾಜು. ನಾಕು ದಿನ ಬಿಟ್ಟು ಬಾ."

ನಾಲ್ಕು ದಿನ ಬಿಡುವ ಹಾಗಿರಲಿಲ್ಲ. ನರಕ ಚತುರ್ದಶಿಗೆ ಇನ್ನು ಹದಿನೈದೇ ದಿನ. ಅವತ್ತು ಬೆಳಕು ಹರಿಯುವ ಮುಂಚೆ ಊರಿಗೆ ಊರೇ ಎಣ್ಣೆ ಹಚ್ಚಿಕೊಂಡು ಒಬ್ಬರ ಹಿಂದೊಬ್ಬರು ಸ್ನಾನ ಮಾಡುತ್ತದೆ. ಚಳಿಗೆ ಕಿಟಕಿ ಮುಚ್ಚಿರುತ್ತಾರೆ, ಪಟಾಕಿ ಹೊಗೆಗೆ ಬಾಗಿಲು ಮುಚ್ಚಿರುತ್ತಾರೆ. ಗೀಸರ್ ಎರಡು ಗಂಟೆ ಬಿಡದೆ ಉರಿಯುತ್ತದೆ. ಮನೆಗೆ ಬಂದವನು ಊಟದ ತಟ್ಟೆಯ ಮುಂದೆ ಹಾಗೇ ಕುಳಿತಿದ್ದ. ಹೆಂಡತಿ ಮುತ್ಯಾಲಮ್ಮ ಎರಡು ಸಲ ಕೇಳಿದ ಮೇಲೆ ಹೇಳಿದ.

"ವಿಳಾಸ ಬರೆದಿಟ್ಕೊಂಡಿಲ್ವಾ?"

"ಇಲ್ಲ. ಬಚ್ಚಲು ಎಲ್ಲಾ ಗೊತ್ತು. ಮನೆ ಗೊತ್ತಿಲ್ಲ."

ಪಿಯುಸಿ ಓದುತ್ತಿದ್ದ ಮಗಳು ಸಂಧ್ಯಾ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ ನೆಲದ ಮೇಲೆ ಹರಡಿದಳು. "ಬಚ್ಚಲೇ ಹೇಳಪ್ಪ. ದಾರಿ ನಾನು ಹುಡುಕ್ತೀನಿ." ಅವನು ಕಣ್ಣು ಮುಚ್ಚಿ ಒಂದೊಂದನ್ನೇ ಹೇಳತೊಡಗಿದ. ಹಸಿರು ಟೈಲ್ಸ್, ಕಿಟಕಿಯಿಂದ ಸಂಪಿಗೆ ಮರ ಕಾಣುತ್ತೆ. ಹಾಗಾದರೆ ಬಾಗಿಲಿಗೆ ಬರುವ ಮೊದಲು ಏನು ಕಂಡೆ ಎಂದು ಅವಳು ಕೇಳುವಳು. ಗಿರಣಿ ಇತ್ತು, ತಿರುವಿನಲ್ಲಿ ಅರಳಿಕಟ್ಟೆ ಇತ್ತು. ಹೀಗೆ ಎರಡು ಸಂಜೆಗಳಲ್ಲಿ ಬೀದಿಗಳು ಹಾಳೆಯ ಮೇಲೆ ಮೂಡಿದವು. ಒಟ್ಟು ಅರವತ್ತೊಂದು ಬಚ್ಚಲು.

ಮೊದಲು ಜಾನಕಮ್ಮನವರ ಮನೆಗೇ ಹೋದ. ಗೀಸರಿನ ಮೇಲೆ ತಗಡಿನ ಆಲಿಕೆ ಕವುಚಿ, ಅಲ್ಲಿಂದ ಅಡ್ಡಡ್ಡ ಕೊಳವೆಯನ್ನು ಗವಾಕ್ಷಿಗೆ ತೂರಿಸಿ ಆಚೆ ಬಿಟ್ಟ. ಬಾಗಿಲು ಮುಚ್ಚಿ ಗೀಸರ್ ಉರಿಸಿ, ಆಲಿಕೆಯ ಅಂಚಿಗೆ ಊದುಬತ್ತಿ ಹಿಡಿದ. ಬತ್ತಿಯ ಹೊಗೆ ಒಳಗೆ ಸೇರದೆ ಅವನ ಮುಖಕ್ಕೇ ಬಂತು. ಹೊರಗೆ ಗಾಳಿ ಬೀಸಿದಾಗಲೆಲ್ಲ ಇನ್ನಷ್ಟು ಬಂತು. ವೆಂಕಟಪ್ಪನವರು ಇದ್ದಿದ್ದರೆ ಸುತ್ತಿಗೆಯಲ್ಲೇ ಕುಟ್ಟುತ್ತಿದ್ದರು. ಹೊಗೆ ಕಾಣಲಿ ಕಾಣದಿರಲಿ, ಬಿಸಿ ಗಾಳಿಗೆ ಬೇಕಾದದ್ದು ಅದೇ ಹಳೆಯ ದಾರಿ. ಎಲ್ಲವನ್ನೂ ಕಿತ್ತು ಮತ್ತೆ ಮಾಡಿದ. ಆಲಿಕೆಯಿಂದ ಎರಡಡಿ ನೆಟ್ಟಗೆ ಮೇಲಕ್ಕೆ, ಆಮೇಲೆ ಏರುಮುಖವಾಗಿಯೇ ಗೋಡೆಯಾಚೆಗೆ, ಅಲ್ಲಿಂದ ಸೂರಿಗಿಂತ ಎತ್ತರಕ್ಕೆ, ತುದಿಯಲ್ಲಿ ಮಳೆ ನೀರು ಇಳಿಯದಂತೆ ಒಂದು ಟೋಪಿ. ಎಲ್ಲೂ ಕೊಳವೆಯ ಅಗಲ ಕಿರಿದಾಗಬಾರದು. ಸಿಲಿಂಡರ್ ಹಿತ್ತಲಿಗೆ. ಹೊಸ ಗಾಳಿ ಒಳಗೆ ಬರಲು ಗೋಡೆಯ ಬುಡದಲ್ಲಿ ಅಂಗೈ ಅಗಲದ ಕಿಂಡಿ. ಈ ಸಲ ಊದುಬತ್ತಿಯ ಹೊಗೆ ಬಳುಕಿ, ಆಲಿಕೆಯೊಳಗೆ ಸೇರಿಹೋಯಿತು. ಬಾಗಿಲ ಬಳಿ ನಿಂತಿದ್ದ ಜಾನಕಮ್ಮ ಒಳಗೆ ಹೋಗಿ ಒಂದು ಲೋಟ ಕಾಫಿ ತಂದಿಟ್ಟರು. ಅವನು ಅದನ್ನು ಮುಟ್ಟದೆ ಸಾಮಾನು ಕಟ್ಟಿಕೊಂಡ.

ಆಮೇಲಿನ ದಿನಗಳು ಓಟವೇ. ಸೈಕಲ್ಲಿನ ಹಿಂದೆ ತಗಡಿನ ಕೊಳವೆಗಳ ಹೊರೆ ಕಟ್ಟಿಕೊಂಡು ದಿನಕ್ಕೆ ಐದಾರು ಮನೆ. ಎಲ್ಲ ಬಾಗಿಲೂ ಸುಲಭಕ್ಕೆ ತೆರೆಯಲಿಲ್ಲ. "ಮೂರು ವರ್ಷದಿಂದ ಏನೂ ಆಗಿಲ್ಲ, ಈಗೇನಯ್ಯ ಹೊಸ ಕಥೆ?" ಎಂದವರಿದ್ದರು. ದುಡ್ಡು ಬೇಡ ಎಂದರೆ ಅನುಮಾನ ಇನ್ನೂ ಹೆಚ್ಚಾಗುತ್ತಿತ್ತು. ಕುಮಾರ ಪಾರ್ಕಿನಲ್ಲಿ ಒಬ್ಬರು ಅವನನ್ನು ಕಳ್ಳನೆಂದು ಗೇಟಿನಲ್ಲೇ ನಿಲ್ಲಿಸಿ ವಿಚಾರಿಸಿದರು. ಅಂಥವರಿಗೆ ಅವನು ಒಂದೇ ಮಾತು ಹೇಳುತ್ತಿದ್ದ: "ಸ್ನಾನ ಆದ್ಮೇಲೆ ನಿಮ್ಮನೇಲಿ ಯಾರಿಗಾದ್ರೂ ತಲೆನೋವು ಬರತ್ತಾ ಸ್ವಾಮಿ?" ಸಿಟ್ಟಿನ ಮುಖ ಒಮ್ಮೆಲೇ ಬದಲಾಗುತ್ತಿತ್ತು. ಒಬ್ಬರು ಹೆಂಡತಿಯ ಕಡೆ ತಿರುಗಿ ನೋಡಿದರು. ಆಕೆ ಹೌದೆಂದು ಮೆಲ್ಲಗೆ ತಲೆಯಾಡಿಸಿದರು. ಗೇಟು ತೆರೆಯಿತು.

ಯಾವ ಅಡ್ಡಮಾತೂ ಆಡದೆ ಒಳಗೆ ಕರೆದವರು ಬಸವನಗುಡಿಯ ರಾಮಸ್ವಾಮಿಗಳೊಬ್ಬರೇ. ಮೂವತ್ತೆರಡು ವರ್ಷ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತರಾದವರು. ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿ ಮನೆ. ಧರ್ಮರಾಜು ಕೆಲಸ ಮಾಡುವಷ್ಟು ಹೊತ್ತೂ ಸ್ಟೂಲಿನ ಮೇಲೆ ಕುಳಿತು, ಆ ವಿಷ ರಕ್ತಕ್ಕೆ ಸೇರಿ ಆಕ್ಸಿಜನ್ನಿನ ಜಾಗವನ್ನು ಹೇಗೆ ಕಬಳಿಸುತ್ತದೆ ಎಂದು ವಿವರಿಸಿದರು. "ನನಗೇ ಹೊಳೀಬೇಕಿತ್ತು ನೋಡು. ಪಾಠ ಮಾಡಿದ್ದೇ ಬಂತು," ಎಂದು ಹಣೆ ಬಡಿದುಕೊಂಡರು. ಅವನು ಹೊರಡುವಾಗ ಗೇಟಿನವರೆಗೆ ಬಂದು ಕೈಮುಗಿದರು. ಆ ಹದಿನೈದು ದಿನಗಳಲ್ಲಿ ಧರ್ಮರಾಜುವಿನ ಎದೆ ಹಗುರಾದದ್ದು ಅದೊಂದೇ ಮನೆಯಲ್ಲಿ.

ಹಬ್ಬದ ಹಿಂದಿನ ದಿನ, ನೀರು ತುಂಬುವ ಸಂಜೆ, ಶೇಷಾದ್ರಿಪುರದ ಕಡೆಯ ಕೊನೆಯ ಬಚ್ಚಲನ್ನು ಮುಗಿಸಿ ಅವನು ಏಣಿ ಇಳಿಯುತ್ತಿದ್ದ. ಅದೇ ಮನೆಗೆ ದೀಪದ ಸರ ಕಟ್ಟಲು ಬಂದಿದ್ದ ಎಲೆಕ್ಟ್ರಿಷಿಯನ್ ನಂದಕುಮಾರ್ ಪರಿಚಯದವನು.

"ಏನ್ ಗುರು, ಊರೆಲ್ಲಾ ನಿಂದೇ ಕೊಳವೆ. ನಿನ್ನೆ ಬಸವನಗುಡೀಲೂ ನೋಡ್ದೆ, ರಾಮಸ್ವಾಮಿ ಮೇಷ್ಟ್ರ ಮನೇಲಿ. ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಹಾಕ್ಸಿದ್ರು. ಹನ್ನೆರಡು ಇಂಚು, ಎಳೆಯೋ ಎಳೆತಕ್ಕೆ ಟವೆಲ್ಲೇ ಹಾರೋಗತ್ತೆ."

"ಒಳ್ಳೇದೇ ಆಯ್ತಲ್ಲ," ಎಂದ ಧರ್ಮರಾಜು. ಕೊಳವೆಯ ಜೊತೆಗೆ ಫ್ಯಾನೂ ಇದ್ದರೆ ಇನ್ನೂ ಭದ್ರ ಎಂದುಕೊಂಡ. ಅರವತ್ತೊಂದೂ ಮುಗಿದಿತ್ತು. ಮನೆಗೆ ಹೋಗಿ, ಎರಡು ವಾರದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡು ಮಲಗಿದ.

ಬೆಳಗಿನ ಐದು ಗಂಟೆಗೆ ಎಚ್ಚರವಾದದ್ದು ಕೆಮ್ಮಿನಿಂದ. ಮನೆ ತುಂಬ ಹೊಗೆ. ಅವನ ಮನೆಯಲ್ಲಿ ಇನ್ನೂ ಇದ್ದದ್ದು ಸೌದೆಯ ಬಾಯ್ಲರು, ವೆಂಕಟಪ್ಪನವರ ಕೈಯಿಂದಲೇ ಆದದ್ದು. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಅದು ಒಳಗೆ ಹೊಗೆ ಬಿಟ್ಟಿರಲಿಲ್ಲ.

"ಊರಿಗೆಲ್ಲ ಕೊಳವೆ ಹಾಕ್ಬಿಟ್ಟು ಬಂದ್ರಿ, ಮನೇದು ಉಲ್ಟಾ ಹೊಡೀತಿದೆ ನೋಡಿ!" ಎಂದು ಮುತ್ಯಾಲಮ್ಮ ಅಡುಗೆಮನೆಯಿಂದ ಗದರಿದಳು. ಕಜ್ಜಾಯ ಕರಿಯಲು ಕೂತಿದ್ದಳು. ಎಣ್ಣೆ ಹೊಗೆ ಆಚೆ ಹೋಗಲೆಂದು ಗೋಡೆಯ ಎಕ್ಸಾಸ್ಟ್ ಫ್ಯಾನು ಹಾಕಿದ್ದಳು. ಬೀದಿಯ ಪಟಾಕಿಗೆ ಹೆದರಿ ಮುಂಬಾಗಿಲು, ಕಿಟಕಿ ಎಲ್ಲ ಭದ್ರಪಡಿಸಿದ್ದಳು.

ಧರ್ಮರಾಜು ಬಾಯ್ಲರಿನ ಬಳಿ ಹೋಗಿ ನೋಡಿದ. ಮೇಲಕ್ಕೆ ಹೋಗಬೇಕಾದ ಹೊಗೆ ಕೊಳವೆಯಿಂದ ಕೆಳಕ್ಕೆ ಇಳಿದು ಒಲೆಯ ಬಾಯಿಂದ ಹೊರಬರುತ್ತಿತ್ತು. ಅವನು ಮುಂಬಾಗಿಲು ತೆರೆದ. ತಣ್ಣನೆ ಗಾಳಿ ನುಗ್ಗಿತು. ಹೊಗೆ ತಿರುಗಿ ಮೇಲಕ್ಕೆ ಹೋಯಿತು. ಬಾಗಿಲು ಮುಚ್ಚಿದ. ಮತ್ತೆ ಕೆಳಗಿಳಿಯಿತು.

ಅವನ ಕೈ ಬಾಗಿಲ ಅಗುಳಿಯ ಮೇಲೆ ಹಾಗೇ ನಿಂತಿತು. ಫ್ಯಾನು ಗಾಳಿಯನ್ನು ಆಚೆ ದಬ್ಬುತ್ತದೆ. ಹೋದಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಬಾಗಿಲು, ಕಿಟಕಿ ಮುಚ್ಚಿದ್ದರೆ ಬರುವುದು ಕೊಳವೆಯಿಂದಲೇ, ಹೊಗೆಯನ್ನೂ ಜೊತೆಗೆ ಎಳೆದುಕೊಂಡು. ಹನ್ನೆರಡು ಇಂಚಿನ ಫ್ಯಾನು. ಟವೆಲ್ಲೇ ಹಾರಿಹೋಗುತ್ತದೆ.

"ಅಪ್ಪಾ, ಎಲ್ಲಿಗೆ?" ಎಂದು ಸಂಧ್ಯಾ ಕೂಗುವಷ್ಟರಲ್ಲಿ ಅವನು ಸೈಕಲ್ ಏರಿದ್ದ.

ಕತ್ತಲೆ ಇನ್ನೂ ತಿಳಿಯಾಗಿರಲಿಲ್ಲ. ಲಾಲ್‌ಬಾಗಿನ ಗೋಡೆಯುದ್ದಕ್ಕೂ ಓಡಿಸಿ, ಪಶ್ಚಿಮದ ಗೇಟಿನ ಬಳಿ ವಾಣಿವಿಲಾಸ ರಸ್ತೆಗೆ ತಿರುಗಿದ. ಬೀದಿಗೆ ಬೀದಿಯೇ ಸರಪಟಾಕಿ ಹಚ್ಚಿತ್ತು. ಹೊಗೆಯಲ್ಲಿ ಹತ್ತು ಮಾರು ಮುಂದೆ ಕಾಣುತ್ತಿರಲಿಲ್ಲ. ಯಾರೋ ನೆಲಚಕ್ರ ಬಿಟ್ಟರು. ತಪ್ಪಿಸಲು ಹೋಗಿ ಬಿದ್ದ. ಮಂಡಿ ತರಚಿತು. ಎದ್ದು ಮತ್ತೆ ತುಳಿದ. ಮೇಷ್ಟ್ರಿಗೆ ಕೆಮಿಸ್ಟ್ರಿ ಗೊತ್ತು, ನನಗೇನು ಗೊತ್ತು ಎಂದು ಮನಸ್ಸಿನ ಒಂದು ಮೂಲೆ ಹೇಳುತ್ತಿತ್ತು. ಗೋಡೆಯ ಬುಡದಲ್ಲಿ ಕಿಂಡಿ ಕೊರೆದಿದ್ದೇನಲ್ಲ, ಅಲ್ಲಿಂದ ಗಾಳಿ ಬರುತ್ತದೆ, ಏನೂ ಆಗುವುದಿಲ್ಲ ಎಂದೂ ಹೇಳುತ್ತಿತ್ತು. ಕಾಲು ಮಾತ್ರ ನಿಲ್ಲಲಿಲ್ಲ.

ರಾಮಸ್ವಾಮಿಗಳ ಮನೆಯಲ್ಲಿ ದೀಪಗಳು ಉರಿಯುತ್ತಿದ್ದವು. ನಡುಮನೆಯಲ್ಲಿ ಅವರ ಸೊಸೆ ಆರಾಧನಾ ಗೋಡೆಗೆ ಒರಗಿ, ಹಣೆ ಹಿಡಿದು ಕುಳಿತಿದ್ದಳು. ಹಬ್ಬಕ್ಕೆಂದು ಗಂಡ ಆಕರ್ಷನ ಜೊತೆ ಬಂದಿದ್ದಳು. ಬಾಗಿಲು ತೆರೆದ ರಾಮಸ್ವಾಮಿಗಳ ಹೆಂಡತಿ ಶೈಲಜಮ್ಮನವರ ಕಣ್ಣೂ ತೂಗುತ್ತಿತ್ತು.

"ಏನಯ್ಯಾ ಇಷ್ಟೊತ್ತಿಗೆ? ಹಬ್ಬದ ದಿನ..."

"ಅಮ್ಮಾ, ಬಚ್ಚಲಲ್ಲಿ ಯಾರಿದಾರೆ?"

"ಯಜಮಾನ್ರು. ನಂದಾಯ್ತು, ಇವಳದ್ದಾಯ್ತು. ಎಣ್ಣೆ ಸ್ನಾನ ಅಲ್ವಾ, ಎಲ್ರಿಗೂ ಅಮಲು ಬಂದಂಗಿದೆ. ಇವಳು ವಾಂತೀನೂ ಮಾಡ್ಕೊಂಡ್ಲು."

"ಕೆಳಗಿನ ಕಿಂಡಿ?"

"ಇಲಿ ಬರತ್ತೆ ಅಂತ ಬಟ್ಟೆ ತುರುಕಿದೀನಿ. ಯಾಕೆ?"

ಧರ್ಮರಾಜು ಅವರನ್ನು ದಾಟಿ ಹಿತ್ತಲಿಗೆ ಓಡಿದ. ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿ ಗ್ಯಾಸ್ ನಿಲ್ಲಿಸಿದ. ಕುಕ್ಕರಗಾಲಲ್ಲಿ ಕುಳಿತು ಕಿಂಡಿಯ ಬಟ್ಟೆಯನ್ನು ಕಿತ್ತೆಸೆದ. ಬಚ್ಚಲ ಬಾಗಿಲನ್ನು ಎರಡೂ ಕೈಗಳಿಂದ ಬಡಿದ. "ಮೇಷ್ಟ್ರೇ! ಮೇಷ್ಟ್ರೇ, ಚಿಲಕ ತೆಗೀರಿ!"

ಫ್ಯಾನಿನ ಮೊರೆತ. ನೀರು ಬೀಳುವ ಸದ್ದು. ಒಳಗಿನಿಂದ ಬೇರೇನೂ ಇಲ್ಲ.

ಆಕರ್ಷ ಓಡಿಬಂದ. "ಏನಾಯ್ತು? ಏನ್ ಮಾಡ್ತಿದೀರಿ ನೀವು?"

"ಬಾಗ್ಲು ಒಡೀಬೇಕು. ಬನ್ನಿ, ಭುಜ ಕೊಡಿ."

ಈ ಬಾಗಿಲು ತೇಗದ್ದು, ಅಗುಳಿ ಗಟ್ಟಿ. ಮೊದಲ ಸಲ ಅಲುಗಲಿಲ್ಲ. ಎರಡನೇ ಸಲವೂ ಇಲ್ಲ. ಶೈಲಜಮ್ಮ "ರೀ! ರೀ!" ಎಂದು ಕೂಗುತ್ತಿದ್ದರು. ಮೂರನೆಯದಕ್ಕೆ ಇಬ್ಬರೂ ಹಿಂದೆ ಸರಿದು ನಿಂತಾಗ, ಒಳಗೆ ಮಣೆ ಜರುಗಿದ ಸದ್ದಾಯಿತು.

"ನೀರು... ತಣ್ಣಗಾಯ್ತಲ್ಲೋ..." ಕುಡಿದವರಂತೆ ಎಳೆದೆಳೆದು ಬಂತು ರಾಮಸ್ವಾಮಿಗಳ ದನಿ. "ಯಾರದು... ನಿಲ್ಸಿದ್ದು?"

"ಚಿಲಕ, ಮೇಷ್ಟ್ರೇ, ಚಿಲಕ!"

ಕೈ ತಡಕಾಡುವುದು ಕೇಳಿಸಿತು. ಒಮ್ಮೆ ಜಾರಿತು. ಮತ್ತೆ ತಡಕಾಡಿತು. ಅಗುಳಿ ಸರಿದದ್ದೇ ತಡ, ಬಾಗಿಲಿನ ಜೊತೆಗೇ ರಾಮಸ್ವಾಮಿಗಳು ಹೊರಕ್ಕೆ ವಾಲಿದರು. ಆಕರ್ಷ ಹಿಡಿದುಕೊಂಡ. ಒದ್ದೆ ಪಂಚೆ, ಮೈತುಂಬ ಸೀಗೆಪುಡಿ. ಹಿತ್ತಲಿನ ಕಲ್ಲಿನ ಮೇಲೆ ಕೂರಿಸಿದರೆ ತಲೆ ನಿಲ್ಲಲಿಲ್ಲ.

ಆಕರ್ಷನ ಕಾರಿನಲ್ಲಿ ಅತ್ತೆ, ಸೊಸೆ, ಮಾವ ಮೂವರನ್ನೂ ಆಸ್ಪತ್ರೆಗೆ ಕರೆದೊಯ್ದರು. ಧರ್ಮರಾಜು ತೆರೆದ ಮನೆಯನ್ನು ಕಾಯುತ್ತ ಜಗುಲಿಯ ಮೇಲೆ ಕುಳಿತ. ಪೂರ್ತಿ ಬೆಳಗಾಯಿತು. ಪಕ್ಕದ ಮನೆಯವರು ತಿಂಡಿ ತಂದುಕೊಟ್ಟರು. ತಿನ್ನಲಿಲ್ಲ. ತಾನು ಹಾಕಿದ ಕೊಳವೆಯೇ ವಿಷವನ್ನು ಒಳಗೆ ಬಿಟ್ಟಿತ್ತು. ಹೀಗೂ ಆಗಬಹುದು ಎಂದು ಅವತ್ತು ಒಂದು ಮಾತು ಹೇಳಿದ್ದರೆ! ಹೇಳಲು ಅವನಿಗೇ ಗೊತ್ತಿರಲಿಲ್ಲ. ಇನ್ನೂ ಗೊತ್ತಿಲ್ಲದ್ದು ಎಷ್ಟಿದೆಯೋ ಎಂಬ ಭಯ ಅವನನ್ನು ಆ ಜಗುಲಿಯ ಮೇಲೆ ಹಿಡಿದು ಕೂರಿಸಿತು.

ಮಧ್ಯಾಹ್ನ ಎಲ್ಲರೂ ನಡೆದುಕೊಂಡೇ ಒಳಗೆ ಬಂದರು. ರಾಮಸ್ವಾಮಿಗಳು ದೇವರ ಮನೆಯಿಂದ ಊದುಬತ್ತಿ ತಂದು ಧರ್ಮರಾಜುವಿನ ಕೈಗಿಟ್ಟರು. "ತೋರ್ಸು."

ಕಿಂಡಿಗೆ ಬಟ್ಟೆ ತುರುಕಿ, ಬಾಗಿಲು ಮುಚ್ಚಿ, ಗೀಸರ್ ಉರಿಸದೆಯೇ ಫ್ಯಾನು ಹಾಕಿದರು. ಆಲಿಕೆಯ ಕೆಳಗೆ ಹಿಡಿದ ಬತ್ತಿಯ ಹೊಗೆ ಯಾರೋ ಮೇಲಿನಿಂದ ಊದಿದಂತೆ ಕೆಳಕ್ಕೆ ಬಾಗಿ, ಕೋಣೆಯನ್ನು ಹಾದು ಫ್ಯಾನಿನತ್ತ ಓಡಿತು. ಫ್ಯಾನು ಆರಿಸಿದರು. ಹೊಗೆ ನೆಟ್ಟಗೆ ನಿಂತು, ಮೆಲ್ಲಗೆ ಆಲಿಕೆಯೊಳಕ್ಕೆ ಏರಿತು.

"ಭದ್ರವಾಗಿರ್ಲಿ ಅಂತ ಹಾಕ್ಸಿದ್ದು ಕಣಯ್ಯಾ," ಎಂದರು ರಾಮಸ್ವಾಮಿಗಳು. ಅವರ ದನಿಯಲ್ಲಿ ಮೇಷ್ಟ್ರು ಇರಲಿಲ್ಲ.

"ನಾನೂ ಒಳ್ಳೇದೇ ಆಯ್ತು ಅಂದ್ಕೊಂಡೆ ಸಾರ್, ನಿನ್ನೆ ಸಂಜೆ. ನನ್ಗೂ ಗೊತ್ತಿರ್ಲಿಲ್ಲ."

ಆವತ್ತು ಸಂಜೆಯೇ ಧರ್ಮರಾಜು ಗೀಸರನ್ನು ಬಚ್ಚಲಿನಿಂದ ಕಿತ್ತು ಹಿತ್ತಲಿನ ಹೊರಗೋಡೆಗೆ, ಬಯಲು ಗಾಳಿಗೆ ಹಾಕಿದ. ಬಿಸಿನೀರಿನ ಪೈಪನ್ನು ಮಾತ್ರ ಗೋಡೆ ಕೊರೆದು ಒಳಗೆ ಬಿಟ್ಟ. ಮಾರನೆಯ ದಿನದಿಂದ ಅರವತ್ತೊಂದು ಬಚ್ಚಲುಗಳನ್ನೂ ಮತ್ತೆ ಸುತ್ತಿದ. ಈ ಸಲ ಫ್ಯಾನು ಇದೆಯೇ, ಕಿಂಡಿ ಮುಚ್ಚಿದ್ದಾರೆಯೇ ಎಂದು ನೋಡಲು. ನಾಲ್ಕು ಮನೆಗಳಲ್ಲಿ ಕಿಂಡಿಗೆ ಬಟ್ಟೆ ಇತ್ತು. ಒಂದರಲ್ಲಿ ಸಿಮೆಂಟೇ ಮೆತ್ತಿದ್ದರು. ಹೊರಗೋಡೆ ಇದ್ದ ಕಡೆಯಲ್ಲೆಲ್ಲ ಗೀಸರನ್ನೇ ಆಚೆ ಸಾಗಿಸಿದ.

ವೃಷಭೇಂದ್ರಪ್ಪ ತಿಂಗಳುಗಟ್ಟಲೆ ಮಾತಾಡಿಸಲಿಲ್ಲ. ಚಳಿಗಾಲದಲ್ಲಿ ಊರಿನ ಇನ್ನೆಲ್ಲೋ ಒಂದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಬಚ್ಚಲಲ್ಲಿ ಸತ್ತ ಸುದ್ದಿ ಕೇಳಿಬಂತು. ಅದಾದ ಎರಡನೇ ದಿನ ಅಂಗಡಿಯ ಬಿಲ್ ಬುಕ್ ಮಾವಳ್ಳಿಯ ಮನೆಗೆ ಬಂತು, ಜೊತೆಗೆ ಚೀಟಿ ಇರಲಿಲ್ಲ. ಸಂಧ್ಯಾ ತನ್ನ ಕ್ಯಾಲೆಂಡರ್ ಹಾಳೆಗಳೊಂದಿಗೆ ತಾಳೆ ನೋಡಿದಳು. ಅವನು ಮರೆತಿದ್ದ ಬಚ್ಚಲುಗಳು ಎರಡು. ಅದೇ ಮಧ್ಯಾಹ್ನ ಎರಡಕ್ಕೂ ಹೋದ. ಒಂದರಲ್ಲಿ ಗೀಸರ್ ಕೆಟ್ಟು ಮೂಲೆ ಸೇರಿತ್ತು. ಇನ್ನೊಂದರಲ್ಲಿ ಬಾಣಂತಿಯೊಬ್ಬಳು ದಿನಾ ಸ್ನಾನ ಮಾಡುತ್ತಿದ್ದಳು.

ಆಮೇಲಿನ ವರ್ಷಗಳಲ್ಲಿ ಅವನು ಚಾಮರಾಜಪೇಟೆಯಲ್ಲೇ ಸ್ವಂತ ಗೂಡಂಗಡಿ ಇಟ್ಟ. ಬಚ್ಚಲೊಳಗೆ ಗೀಸರ್ ಹಾಕಿಕೊಡು ಎಂದು ಬಂದವರನ್ನು ವಾಪಸ್ಸು ಕಳಿಸುತ್ತಿದ್ದ. ಬೇರೆಯವರು ಹಾಕಿಕೊಡುತ್ತಾರೆ ಎಂದು ಗೊತ್ತಿತ್ತು. ಅದಕ್ಕೇ ಒಂದೆರಡು ದಿನ ಬಿಟ್ಟು ಆ ಮನೆಗಳ ಮುಂದೆ ಸೈಕಲ್ ನಿಲ್ಲಿಸಿ, ಗೋಡೆಯಾಚೆ ಕೊಳವೆ ಕಾಣುತ್ತದೆಯೇ ಎಂದು ಕತ್ತೆತ್ತಿ ನೋಡುತ್ತಿದ್ದ. ಕಾಣದಿದ್ದರೆ ಗೇಟು ತಟ್ಟುತ್ತಿದ್ದ. ಕೆಲವರು ನಾಯಿ ಬಿಟ್ಟದ್ದೂ ಉಂಟು.

ಎರಡು ಸಾವಿರದ ಆರರಲ್ಲಿ, ಅವನಿಗೆ ಐವತ್ತೈದು ದಾಟಿದ ಮೇಲೆ, ಚಾಮರಾಜಪೇಟೆಯ ಇಕ್ಕಟ್ಟಿನ ಅಡ್ಡರಸ್ತೆಯೊಂದರಲ್ಲಿ ಬೇರೆ ಯಾರೋ ಬಚ್ಚಲೊಳಗೆ ಹಾಕಿಹೋಗಿದ್ದ ಗೀಸರಿಗೆ ಕೊಳವೆ ಹಾಕಿ, ಏಣಿ ಹತ್ತಿ ಅದರ ತುದಿಗೆ ಟೋಪಿ ಕೂರಿಸುತ್ತಿದ್ದ. ಎದುರಿನ ಮಹಡಿಯ ಕಿಟಕಿ ದಡಾರನೆ ತೆರೆಯಿತು. ವಿಶಾಲಮ್ಮ ಎಂಬ ಹೆಂಗಸು ಕತ್ತು ಚಾಚಿ ಕೂಗಿದಳು.

"ಏನ್ರೀ ಅದು? ಅವರ ಮನೆ ವಿಷ ನಮ್ಮ ಕಿಟಕೀಗೆ ಬಿಡ್ತಿದೀರಾ? ಇಲ್ಲಿ ನಮ್ಮತ್ತೆ ಮಲ್ಗೋದು!"

ಕೆಳಗೆ ನಿಂತಿದ್ದ ಮನೆಯ ಯಜಮಾನ, "ಅವಳ ಮಾತು ಬಿಡಿ, ಎಲ್ಲದಕ್ಕೂ ಜಗಳ. ನೀವು ಮುಗ್ಸಿ ಬನ್ನಿ," ಎಂದ.

ಧರ್ಮರಾಜು ಕೊಳವೆಯ ಬಾಯಿಂದ ಆ ಕಿಟಕಿಗೆ ಎಷ್ಟು ದೂರ ಎಂದು ಕೈಚಾಚಿ ಅಳೆದ. ಎರಡು ಮೊಳವೂ ಇರಲಿಲ್ಲ.

"ಅಮ್ಮ ಹೇಳ್ತಿರೋದು ಸರಿ," ಎಂದ. ಟೋಪಿಯನ್ನು ಬಿಚ್ಚಿ ಜೇಬಿಗೆ ಸೇರಿಸಿ, ಇನ್ನೊಂದು ಉದ್ದನೆಯ ಕೊಳವೆ ತರಲು ಏಣಿ ಇಳಿಯತೊಡಗಿದ.